ಕೂತೇ ಬೆಳೆದ ಮಗುವಿನ ಫಿಟ್‌ನೆಸ್ ಅಳೆಯುವುದು ಹೇಗೆ?

ಮಗು ಶಾಲೆಯಿಂದ ಒಂದು ಹಾಳೆ ತಂದಿದೆ. ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿದೆ. ಬಿಡಿಸಿ ನೋಡಿದರೆ ಫಿಟ್‌ನೆಸ್ ರಿಪೋರ್ಟ್. ವಯಸ್ಸು 10, ಎತ್ತರ 140 ಸೆಂ.ಮೀ., ತೂಕ 36 ಕೆ.ಜಿ. ಇಷ್ಟು ಯಾರಿಗಾದರೂ ಅರ್ಥವಾಗುತ್ತದೆ. ಅದರ ಕೆಳಗೆ ಶಟಲ್ ರನ್ ಹಂತ 2, ಕೈಹಿಡಿತ 11 ಕೆ.ಜಿ., ಸಿಟ್ ಅಂಡ್ ರೀಚ್ 14 ಸೆಂ.ಮೀ., ಪುಷ್ ಅಪ್ 0. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ: ಸುಧಾರಣೆ ಬೇಕು.

ಹಂತ 2 ಅಂದರೆ ಎಷ್ಟು ಕಡಿಮೆ? ಗಾಬರಿ ಆಗಬೇಕಾ, ಬೇಡವಾ? ಮಗು ಆಟಕ್ಕೇ ಹೋಗುವುದಿಲ್ಲ, ಸದಾ ಕೂತೇ ಇರುತ್ತದೆ ಅನ್ನುವ ಮನೆಯಲ್ಲಿ ಈ ಹಾಳೆ ಇನ್ನೂ ಜಾಸ್ತಿ ಚಿಂತೆ ತರುತ್ತದೆ. ಇದು ನಾನು ಲೆಕ್ಕಕ್ಕೆಂದು ಕಲ್ಪಿಸಿಕೊಂಡ ಹಾಳೆ. ಆದರೆ ಇಂಥ ಸಾಲುಗಳೇ ಬಹಳಷ್ಟು ಮನೆಗಳಿಗೆ ಬರುತ್ತವೆ. ಇದನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಓದೋಣ.

## ಚಟುವಟಿಕೆ ಬೇರೆ, ಕ್ಷಮತೆ ಬೇರೆ

ಮೊದಲು ಎರಡು ಪದ ಬಿಡಿಸಿಕೊಳ್ಳಬೇಕು. ದೈಹಿಕ ಚಟುವಟಿಕೆ ಅಂದರೆ ಮಗು ದಿನವಿಡೀ ಎಷ್ಟು ಮೈ ಆಡಿಸುತ್ತದೆ ಅನ್ನುವುದು. ದೈಹಿಕ ಕ್ಷಮತೆ, ಅಂದರೆ ನಾವು ಫಿಟ್‌ನೆಸ್ ಅನ್ನುವುದು, ಆ ಮೈಗೆ ಎಷ್ಟು ಕೆಲಸ ತಡೆದುಕೊಳ್ಳುವ ಶಕ್ತಿ ಇದೆ ಅನ್ನುವುದು. ಉಳಿತಾಯ ಖಾತೆಯ ಲೆಕ್ಕದಲ್ಲಿ ನೋಡಿ. ಚಟುವಟಿಕೆ ದಿನಾ ಕಟ್ಟುವ ದುಡ್ಡು. ಕ್ಷಮತೆ ಖಾತೆಯಲ್ಲಿ ಉಳಿದಿರುವ ಮೊತ್ತ. ಕಟ್ಟುವುದು ನಿಲ್ಲಿಸಿದರೆ ಮೊತ್ತ ಕರಗುತ್ತಾ ಹೋಗುತ್ತದೆ.

ಆದರೆ ಕೆಲವರಿಗೆ ಖಾತೆ ತೆರೆಯುವಾಗಲೇ ಹಿರಿಯರಿಂದ ಬಂದ ದುಡ್ಡು ಇರುತ್ತದೆ. ಫಿಟ್‌ನೆಸ್‌ನಲ್ಲೂ ಹುಟ್ಟಿನಿಂದ ಬರುವ ಪಾಲು ದೊಡ್ಡದು. ಹಾಗಾಗಿ ಏನೂ ಆಡದ ಒಂದು ಮಗು ಚೆನ್ನಾಗಿ ಓಡಿಬಿಡಬಹುದು. ದಿನಾ ಆಡುವ ಇನ್ನೊಂದು ಮಗು ಹಿಂದೆ ಬೀಳಬಹುದು. ಓಟದ ಅಂಕ ನೋಡಿ 'ಈ ಮಗು ಸೋಮಾರಿ' ಅಂತ ತೀರ್ಮಾನಿಸಲು ಬರುವುದಿಲ್ಲ.

'ಚಟುವಟಿಕೆ ಸಾಲದು' ಅನ್ನುವುದಕ್ಕೆ ಒಂದು ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಮಾಡಬೇಕು. ಅದರಲ್ಲಿ ವಾರಕ್ಕೆ 3 ದಿನವಾದರೂ ಜೋರಾದ ಕಸರತ್ತು, ಸ್ನಾಯು ಮತ್ತು ಮೂಳೆ ಗಟ್ಟಿ ಮಾಡುವ ಆಟ ಇರಬೇಕು. 146 ದೇಶಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, 2016ರಲ್ಲಿ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಈ ಗೆರೆ ಮುಟ್ಟಿರಲಿಲ್ಲ. ಅಂದರೆ ನಿಮ್ಮ ಮನೆಯ ಮಗು ಒಂಟಿಯಲ್ಲ.

'ದಿನಕ್ಕೆ ಎಷ್ಟು ಹೊತ್ತು ಆಡ್ತೀಯ?' ಅಂತ ಮಗುವನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಚಿಕ್ಕ ಮಕ್ಕಳು ದೊಡ್ಡವರ ಹಾಗೆ ಅರ್ಧ ಗಂಟೆ ಒಂದೇ ಸಮನೆ ನಡೆಯುವುದಿಲ್ಲ. ನಾಲ್ಕು ಸೆಕೆಂಡು ಓಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಜಿಗಿಯುತ್ತಾರೆ. ಅದನ್ನು ನೆನಪಿಟ್ಟುಕೊಂಡು ಲೆಕ್ಕ ಕೊಡಲು ಆಗುತ್ತದೆಯೇ? ಅದಕ್ಕೇ ಸಂಶೋಧಕರು ಸೊಂಟಕ್ಕೋ ಮಣಿಕಟ್ಟಿಗೋ ಅಕ್ಸೆಲೆರೋಮೀಟರ್ ಅನ್ನುವ ಚಿಕ್ಕ ಯಂತ್ರ ಕಟ್ಟಿ, ಕೆಲವು ದಿನ ಮೈಯ ಅಲುಗಾಟವನ್ನು ದಾಖಲಿಸುತ್ತಾರೆ.

## ಫಿಟ್‌ನೆಸ್ ಅಂದರೆ ಒಂದೇ ಅಲ್ಲ

ಆರೋಗ್ಯಕ್ಕೆ ಸಂಬಂಧಿಸಿದ ಫಿಟ್‌ನೆಸ್‌ನಲ್ಲಿ ಐದು ಸಂಗತಿ ನೋಡುತ್ತಾರೆ. ಹೃದಯ ಮತ್ತು ಶ್ವಾಸಕೋಶದ ತಾಳಿಕೆ, ನಾವು ದಮ್ಮು ಅನ್ನುತ್ತೇವಲ್ಲ, ಅದು. ಸ್ನಾಯುವಿನ ಬಲ. ಸ್ನಾಯು ಎಷ್ಟು ಹೊತ್ತು ದುಡಿಯುತ್ತದೆ ಅನ್ನುವುದು. ಮೈ ಎಷ್ಟು ಬಾಗುತ್ತದೆ ಅನ್ನುವುದು. ಮೈಯಲ್ಲಿ ಕೊಬ್ಬು ಎಷ್ಟು, ಉಳಿದದ್ದು ಎಷ್ಟು ಅನ್ನುವುದು. ವೇಗ, ಚುರುಕು, ಸಮತೋಲನ ಇವೆಲ್ಲ ಕ್ರೀಡೆಯ ಕಡೆಗೆ ಹೆಚ್ಚು ವಾಲುವ ಗುಣಗಳು. ಓಟದ ಸ್ಪರ್ಧೆಯಲ್ಲಿ ಕೊನೆಗೆ ಬಂದ ಮಗು ಪೂರ್ತಿ ಆರೋಗ್ಯವಾಗಿರಬಹುದು. ಇವೆರಡನ್ನು ಬೆರೆಸಿಬಿಟ್ಟರೆ ಅನ್ಯಾಯವಾಗುತ್ತದೆ.

ಏನನ್ನು ಅಳೆಯುತ್ತೇವೆ ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಇದಕ್ಕೆ 1950ರ ದಶಕದ ಒಂದು ಪ್ರಸಂಗ ಸಾಕ್ಷಿ. ಹ್ಯಾನ್ಸ್ ಕ್ರೌಸ್ ಎಂಬ ವೈದ್ಯರು ಅಮೆರಿಕದ ಮತ್ತು ಯುರೋಪಿನ ಮಕ್ಕಳಿಗೆ ಆರು ಸರಳ ಪರೀಕ್ಷೆ ಕೊಟ್ಟರು. ಮಲಗಿದಲ್ಲಿಂದ ಏಳುವುದು, ಕಾಲು ಎತ್ತಿ ಹಿಡಿಯುವುದು, ಮಂಡಿ ಬಗ್ಗಿಸದೆ ನೆಲ ಮುಟ್ಟುವುದು, ಇಂಥವು. ಅಮೆರಿಕದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದರಲ್ಲಿ ಸೋತರು. ಯುರೋಪಿನಲ್ಲಿ ಸೋತವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಸುದ್ದಿ ದೊಡ್ಡದಾಯಿತು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಮಕ್ಕಳ ಫಿಟ್‌ನೆಸ್‌ಗಾಗಿಯೇ ಒಂದು ಮಂಡಳಿ ಮಾಡಿದರು. ಆದರೆ ಆ ಆರರಲ್ಲಿ ಓಟವೇ ಇರಲಿಲ್ಲ. ಬೆನ್ನು, ಹೊಟ್ಟೆಯ ಬಲ ಮತ್ತು ಬಾಗುವಿಕೆ ಮಾತ್ರ ಇತ್ತು. ಹೃದಯದ ಶಕ್ತಿಯ ಬಗ್ಗೆ ಆ ಪರೀಕ್ಷೆ ಏನೂ ಹೇಳಿರಲಿಲ್ಲ.

## ಶಟಲ್ ರನ್: ಇಪ್ಪತ್ತು ಮೀಟರ್, ಒಂದು ಬೀಪ್

ಈಗ ಹಾಳೆಯ ಮುಖ್ಯ ಸಾಲಿಗೆ ಬರೋಣ. ಬೀಪ್ ಟೆಸ್ಟ್ ಅಂತಲೂ ಕರೆಯುವ ಈ ಓಟವನ್ನು 1982ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಲ್ಯೂಕ್ ಲೆಜೆ ಮತ್ತು ಅವರ ಸಹೋದ್ಯೋಗಿ ರೂಪಿಸಿದರು. ನೆಲದ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಗೆರೆ. ಸ್ಪೀಕರಿನಲ್ಲಿ ಬೀಪ್ ಸದ್ದು. ಒಂದು ಬೀಪ್‌ಗೆ ಹೊರಟು ಮುಂದಿನ ಬೀಪ್ ಬರುವಷ್ಟರಲ್ಲಿ ಆಚೆ ಗೆರೆ ಮುಟ್ಟಬೇಕು. ಮತ್ತೆ ಈಚೆಗೆ.

ಶುರುವಿನಲ್ಲಿ ವೇಗ ಗಂಟೆಗೆ 8.5 ಕಿ.ಮೀ. ಅಂದರೆ ಒಂದು ಸಲ ದಾಟಲು ಸುಮಾರು ಎಂಟೂವರೆ ಸೆಕೆಂಡು ಸಮಯ. ಆರಾಮದ ಓಟ. ಪ್ರತಿ ನಿಮಿಷಕ್ಕೆ ವೇಗ 0.5 ಕಿ.ಮೀ. ಏರುತ್ತದೆ. ನಾಲ್ಕನೇ ಹಂತದಲ್ಲಿ 7.2 ಸೆಕೆಂಡು, ಎಂಟನೇ ಹಂತದಲ್ಲಿ ಬರೀ 6 ಸೆಕೆಂಡು. ಸತತವಾಗಿ ಎರಡು ಸಲ ಬೀಪ್‌ಗಿಂತ ತಡವಾದರೆ ಅಲ್ಲಿಗೆ ಮುಗಿಯಿತು.

ಓಡಿ ಅಭ್ಯಾಸವಿಲ್ಲದ ಮಗುವಿಗೆ ಇದರಲ್ಲಿ ಒಂದು ಅನುಕೂಲ ಇದೆ. '600 ಮೀಟರ್ ಓಡು' ಅಂದರೆ ಅಂಥ ಮಗು ಮೊದಲ ನೂರು ಮೀಟರಿನಲ್ಲೇ ಜೀವ ಬಿಟ್ಟು ಓಡುತ್ತದೆ. ಆಮೇಲೆ ಪಕ್ಕೆ ಹಿಡಿದುಕೊಂಡು ನಿಲ್ಲುತ್ತದೆ. ಶಕ್ತಿಯನ್ನು ಹೇಗೆ ಹಂಚಿಕೊಳ್ಳಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಆಗ ನಾವು ಅಳೆದದ್ದು ದಮ್ಮನ್ನಾ, ಅನುಭವವನ್ನಾ? ಬೀಪ್ ಟೆಸ್ಟಿನಲ್ಲಿ ವೇಗವನ್ನು ಸದ್ದೇ ನಿರ್ಧರಿಸುತ್ತದೆ. ಮೊದಲ ಒಂದೆರಡು ನಿಮಿಷ ಮೈ ಬಿಸಿ ಮಾಡಿಕೊಳ್ಳಲೂ ಆಗುತ್ತದೆ.

ಅನನುಕೂಲವೂ ಅದರಲ್ಲೇ ಇದೆ. ಇಲ್ಲಿ ಮೊದಲು ಸೋತವರು ಮೊದಲು ಹೊರಗೆ. ಇಪ್ಪತ್ತು ಮಕ್ಕಳು ಸಾಲಾಗಿ ಓಡುತ್ತಿದ್ದಾರೆ ಅಂದುಕೊಳ್ಳಿ. ಎರಡನೇ ನಿಮಿಷದಲ್ಲೇ ಒಬ್ಬಳು ಗೆರೆ ಮುಟ್ಟುವ ಮೊದಲೇ ಬೀಪ್ ಕೇಳಿಸುತ್ತದೆ. ಮುಖ ಕೆಂಪಾಗಿದೆ. ಪಕ್ಕಕ್ಕೆ ಬಂದು ಗೋಡೆಗೆ ಒರಗಿ ನಿಲ್ಲುತ್ತಾಳೆ. ಉಳಿದವರು ಇನ್ನೂ ಐದಾರು ನಿಮಿಷ ಅವಳ ಮುಂದೆಯೇ ಓಡುತ್ತಾರೆ. ಆ ಐದಾರು ನಿಮಿಷ ಅವಳಿಗೆ ಎಷ್ಟು ಉದ್ದ ಅನ್ನಿಸಿರಬಹುದು, ಅಲ್ವಾ? ಮುಂದಿನ ಸಲ ಅವಳಿಗೆ ಹೊಟ್ಟೆನೋವು ಬರುತ್ತದೆ. ಇದನ್ನು ತಪ್ಪಿಸುವುದು ಸುಲಭ. ನಾಲ್ಕೈದು ಮಕ್ಕಳ ಚಿಕ್ಕ ಗುಂಪು ಮಾಡಬಹುದು. ಮೊದಲು ನಿಲ್ಲುವವರಿಗೆ ಸುತ್ತು ಎಣಿಸುವ ಕೆಲಸ ಕೊಡಬಹುದು. ಅಂಕವನ್ನು ಎಲ್ಲರೆದುರು ಕೂಗಿ ಹೇಳದೆ ಇರಬಹುದು.

## ಹಂತ 2 ಅಂದರೆ ಎಷ್ಟು?

ಹಂತವನ್ನು ವಿಒ2 ಮ್ಯಾಕ್ಸ್ ಎಂಬ ಅಳತೆಗೆ ತಿರುಗಿಸುತ್ತಾರೆ. ಹೆಸರು ಕೇಳಿ ಹೆದರಬೇಡಿ. ಪೂರ್ತಿ ಜೋರಾಗಿ ದುಡಿಯುವಾಗ ಮೈ ಒಂದು ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದೇ ಅದು. ಶ್ವಾಸಕೋಶ ಎಳೆದುಕೊಂಡದ್ದನ್ನು ಹೃದಯ ತಳ್ಳಬೇಕು, ಸ್ನಾಯು ಉರಿಸಬೇಕು. ಮೂರೂ ಸೇರಿದ ಶಕ್ತಿ ಇದು. ಪ್ರಯೋಗಾಲಯದಲ್ಲಾದರೆ ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸಿ ನೇರವಾಗಿ ಅಳೆಯುತ್ತಾರೆ. ಶಾಲೆಯಲ್ಲಿ ಓಟದ ವೇಗ ಮತ್ತು ವಯಸ್ಸಿನಿಂದ ಅಂದಾಜು ಮಾಡುತ್ತಾರೆ.

ನಮ್ಮ ಹಾಳೆಯ ಲೆಕ್ಕ ಮಾಡೋಣ. ಹಂತ 2 ಅಂದರೆ ಗಂಟೆಗೆ 9 ಕಿ.ಮೀ. ವಯಸ್ಸು 10. ಲೆಜೆ ಅವರ ಸೂತ್ರದಲ್ಲಿ ಹಾಕಿದರೆ ಸುಮಾರು 41.5 ಬರುತ್ತದೆ. ಅಂದರೆ ಮೈತೂಕದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 41.5 ಮಿಲಿ ಲೀಟರ್ ಆಮ್ಲಜನಕ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2016ರ ಒಂದು ವಿಶ್ಲೇಷಣೆ ಹೇಳಿದ್ದು ಇದು: ಹುಡುಗರಲ್ಲಿ 42, ಹುಡುಗಿಯರಲ್ಲಿ 35ಕ್ಕಿಂತ ಕೆಳಗಿದ್ದರೆ ಮುಂದೆ ಹೃದಯದ ತೊಂದರೆಗೆ ದಾರಿ ಮಾಡುವ ಲಕ್ಷಣಗಳ ಬಗ್ಗೆ ಎಚ್ಚರ ವಹಿಸಬೇಕು. ಹಾಳೆ ಹುಡುಗಿಯದ್ದಾದರೆ ಅವಳು ಗೆರೆಗಿಂತ ಸಾಕಷ್ಟು ಮೇಲಿದ್ದಾಳೆ. ಹುಡುಗನದ್ದಾದರೆ ಕೂದಲೆಳೆಯಷ್ಟು ಕೆಳಗೆ. ಆ ಕೂದಲೆಳೆಗೂ ಅರ್ಥವಿಲ್ಲ. ಯಾಕೆಂದರೆ ಈ ಸೂತ್ರದ ಅಂದಾಜು ನಾಲ್ಕೈದು ಮಿಲಿ ಲೀಟರ್ ಆಚೀಚೆ ಆಗುವುದು ಮಾಮೂಲು. ಕೆಂಪು ಶಾಯಿಯ ಹಾಳೆ ಇದನ್ನು ಹೇಳುವುದಿಲ್ಲ.

'ಪ್ರತಿ ಕೆ.ಜಿ.ಗೆ' ಅನ್ನುವ ಮಾತನ್ನೂ ಗಮನಿಸಿ. ಇಬ್ಬರು ಮಕ್ಕಳು ನಿಮಿಷಕ್ಕೆ 1500 ಮಿಲಿ ಲೀಟರ್ ಆಮ್ಲಜನಕ ಬಳಸಬಲ್ಲರು ಅಂದುಕೊಳ್ಳಿ. ಒಬ್ಬನ ತೂಕ 30 ಕೆ.ಜಿ., ಅವನ ಅಂಕ 50. ಇನ್ನೊಬ್ಬನ ತೂಕ 40 ಕೆ.ಜಿ., ಅವನ ಅಂಕ 37.5. ಇಬ್ಬರ ಎಂಜಿನ್ ಒಂದೇ, ಹೊರುವ ಭಾರ ಬೇರೆ. ದಪ್ಪಗಿರುವ ಮಗುವಿನ ಹೃದಯ ಅಂಕ ತೋರಿಸುವಷ್ಟು ದುರ್ಬಲ ಆಗಿರಬೇಕೆಂದೇನಿಲ್ಲ.

## ಉಳಿದ ಸಾಲುಗಳು

ಪುಷ್ ಅಪ್ 0. ಕೂತೇ ಇರುವ ಮಕ್ಕಳಲ್ಲಿ ತುಂಬಾ ಜನರ ಹಾಳೆಯಲ್ಲಿ ಇದೇ ಸೊನ್ನೆ ಇರುತ್ತದೆ. 20 ಕೆ.ಜಿ.ಯಿಂದ ಶುರುವಾಗುವ ತಕ್ಕಡಿಯಲ್ಲಿ ಒಂದು ಹಿಡಿ ಕಾಳು ತೂಗಿದ ಹಾಗೆ ಇದು. ಮುಳ್ಳು ಅಲುಗಲಿಲ್ಲ ಅಂದಮಾತ್ರಕ್ಕೆ ಕಾಳಿಗೆ ತೂಕ ಇಲ್ಲ ಅಂತಲ್ಲ. ಇಂಥ ಮಕ್ಕಳಿಗೆ ಮಂಡಿ ಊರಿ ಮಾಡುವ ಪುಷ್ ಅಪ್ಪೋ, ಕೈಹಿಡಿತವೋ, ನಿಂತಲ್ಲಿಂದ ಉದ್ದಕ್ಕೆ ಜಿಗಿಯುವುದೋ ಕೊಟ್ಟರೆ ಏನಾದರೂ ಅಂಕ ಬರುತ್ತದೆ. ಅಂಕ ಬಂದರೆ ತಾನೇ ಮುಂದೆ ಹೋಲಿಸಲು ಆಗುವುದು?

ಕೈಹಿಡಿತವನ್ನು ಡೈನಮೋಮೀಟರ್ ಎಂಬ ಹಿಡಿಕೆಯನ್ನು ಅದುಮಿಸಿ ನೋಡುತ್ತಾರೆ. ಇದರಲ್ಲಿ ಮೈಭಾರ ಎತ್ತುವ ಪ್ರಶ್ನೆ ಇಲ್ಲ. ಓಟದಲ್ಲಿ ಹಿಂದೆ ಬಿದ್ದ ತೂಕದ ಮಕ್ಕಳು ಇಲ್ಲಿ ಎಷ್ಟೋ ಸಲ ಎಲ್ಲರಿಗಿಂತ ಮುಂದಿರುತ್ತಾರೆ. ಆ ಮಗುವಿಗೆ ಅದನ್ನು ಮರೆಯದೆ ಹೇಳಿ. ಹಿಡಿಕೆಯನ್ನು ಅದರ ಅಂಗೈ ಗಾತ್ರಕ್ಕೆ ಹೊಂದಿಸದಿದ್ದರೆ ಮಾತ್ರ ಅಂಕ ಸುಮ್ನೆ ಕಡಿಮೆ ಬರುತ್ತದೆ.

ಸಿಟ್ ಅಂಡ್ ರೀಚ್ ಅಂದರೆ ಕಾಲು ಚಾಚಿ ಕೂತು ಮುಂದಕ್ಕೆ ಕೈ ನೀಡುವುದು. ಇಲ್ಲಿ 14 ಅನ್ನುವುದಕ್ಕೆ ಪೆಟ್ಟಿಗೆ ಯಾವುದು ಅಂತ ತಿಳಿಯದೆ ಅರ್ಥವಿಲ್ಲ. ಯುರೋಪಿನ ಯುರೋಫಿಟ್ ಪದ್ಧತಿಯ ಪೆಟ್ಟಿಗೆಯಲ್ಲಿ ಪಾದ 15 ಸೆಂ.ಮೀ. ಗುರುತಿಗೆ ಬರುತ್ತದೆ. ಆಗ 14 ಅಂದರೆ ಬೆರಳಿಗೆ ಒಂದೇ ಸೆಂ.ಮೀ. ಬಾಕಿ. ಇನ್ನು ಕೆಲವು ಪೆಟ್ಟಿಗೆಗಳಲ್ಲಿ ಪಾದ 23ರ ಹತ್ತಿರ ಇರುತ್ತದೆ. ಆಗ ಅದೇ 14 ತೀರಾ ಕಡಿಮೆ. ಎತ್ತರ ಸರ್ರನೆ ಏರುವ ವಯಸ್ಸಿನಲ್ಲಿ ಕಾಲು ಮೊದಲು ಉದ್ದವಾಗುತ್ತದೆ, ಮುಂಡ ಆಮೇಲೆ. ಆಗ ಕೆಲವು ತಿಂಗಳು ಈ ಅಂಕ ತಾನಾಗಿಯೇ ಇಳಿಯಬಹುದು.

ತೂಕ ಮತ್ತು ಎತ್ತರದಿಂದ ಬರುವುದು ಬಿಎಂಐ. 36 ಕೆ.ಜಿ.ಯನ್ನು 1.4 ಮೀಟರಿನ ವರ್ಗದಿಂದ ಭಾಗಿಸಿದರೆ 18.4. ದೊಡ್ಡವರ ಪಟ್ಟಿಯಲ್ಲಿ 18.5ಕ್ಕಿಂತ ಕಡಿಮೆ ಅಂದರೆ ತೂಕ ಸಾಲದು. ಹಾಗಂತ ಮಗುವಿಗೆ ಇನ್ನಷ್ಟು ತಿನ್ನಿಸಲು ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಪಟ್ಟಿಯಲ್ಲಿ 10 ತುಂಬಿದ ಹುಡುಗನಿಗೆ ತೂಕ ಜಾಸ್ತಿ ಅನ್ನುವ ಗೆರೆಯೇ ಸುಮಾರು 18.5. ಅದೇ ಅಂಕಿ, ಎರಡು ಪಟ್ಟಿಯಲ್ಲಿ ತದ್ವಿರುದ್ಧ ಅರ್ಥ. ಮಕ್ಕಳ ಬಿಎಂಐಯನ್ನು ಯಾವಾಗಲೂ ವಯಸ್ಸು ಮತ್ತು ಹುಡುಗ, ಹುಡುಗಿ ಅನ್ನುವುದರ ಜೊತೆಗೇ ಓದಬೇಕು.

## ಮಗು ನಿಂತದ್ದು ಯಾಕೆ?

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಹಾಳೆಯಲ್ಲಿ ಮಾತ್ರ ಇದಕ್ಕೆ ಜಾಗವೇ ಇರುವುದಿಲ್ಲ.

ದಿನಾ ಆಡುವ ಮಗುವಿಗೆ ಏದುಸಿರು ಹೊಸದಲ್ಲ. ಎದೆ ಡವಡವ ಅಂದರೂ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಅಂತ ಗೊತ್ತು. ಆಡದ ಮಗುವಿಗೆ ಅದೇ ಡವಡವ ಭಯ ತರುತ್ತದೆ. ಏನೋ ಆಗಿಹೋಯಿತು ಅಂತ ನಿಂತುಬಿಡುತ್ತದೆ. ಹೃದಯಕ್ಕೆ ಇನ್ನೂ ಶಕ್ತಿ ಇರುತ್ತದೆ, ಮನಸ್ಸು ಮೊದಲೇ ನಿಂತಿರುತ್ತದೆ. ಇದನ್ನು ಪತ್ತೆ ಮಾಡಲು ಎದೆಬಡಿತ ನೋಡುವುದು ಒಂದು ದಾರಿ. ಮಕ್ಕಳು ಪೂರ್ತಿ ದಣಿದಾಗ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 200ರ ಆಸುಪಾಸಿಗೆ ಹೋಗುತ್ತದೆ. 160ರಲ್ಲೇ ನಿಂತಿದ್ದರೆ ನಿಲ್ಲಿಸಿದ್ದು ಬಹುಶಃ ಹೃದಯವಲ್ಲ. ಭಯವೋ, ನಾಚಿಕೆಯೋ, ಕಾಲುನೋವೋ, ಕಚ್ಚುವ ಶೂ ಇರಬಹುದು. ಆ ಓಟದ ಅಂಕವನ್ನು ಅದರ ದಮ್ಮಿನ ಅಳತೆ ಅಂತ ಬರೆಯುವುದು ತಪ್ಪು.

ಎರಡನೆಯದು ಅಭ್ಯಾಸ. ಗೆರೆಯ ಹತ್ತಿರ ಹೇಗೆ ತಿರುಗಬೇಕು, ಬೀಪ್‌ಗೆ ಹೆಜ್ಜೆ ಹೇಗೆ ಹೊಂದಿಸಬೇಕು, ಇದೆಲ್ಲ ಮೊದಲ ಸಲ ಗೊತ್ತಿರುವುದಿಲ್ಲ. ಒಂದು ವಾರ ಬಿಟ್ಟು ಮತ್ತೆ ಓಡಿಸಿದರೆ ದಮ್ಮು ಅಷ್ಟೇ ಇದ್ದರೂ ಅಂಕ ಏರಬಹುದು. ಹಾಗಾಗಿ ಮೊದಲು ಒಂದು ಸಲ ಲೆಕ್ಕಕ್ಕಿಲ್ಲದ ಓಟ ಓಡಿಸಬೇಕು. ಆಮೇಲೆ ಅಂಕ ಬರೆದುಕೊಳ್ಳಬೇಕು.

ಮೂರನೆಯದು ಬೆಳವಣಿಗೆ. ಎತ್ತರ ಅತಿ ವೇಗವಾಗಿ ಏರುವುದು ಹುಡುಗಿಯರಲ್ಲಿ ಸುಮಾರು 12ಕ್ಕೆ, ಹುಡುಗರಲ್ಲಿ ಸುಮಾರು 14ಕ್ಕೆ. ಇದು ಸರಾಸರಿ ಅಷ್ಟೆ. ಒಂದೇ ತರಗತಿಯ, ಒಂದೇ ವಯಸ್ಸಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬ ಇನ್ನೂ ಪುಟ್ಟ ಮಗುವಿನಂತಿರುತ್ತಾನೆ. ಅವರ ಜಿಗಿತ, ಹಿಡಿತ ಹೋಲಿಸಿದರೆ ನಾವು ನೋಡುತ್ತಿರುವುದು ಹೆಚ್ಚಾಗಿ ಬೆಳವಣಿಗೆಯ ಗಡಿಯಾರವನ್ನು.

ಕೊನೆಯವರೆಗೂ ದಣಿಸುವುದು ಬೇಡ ಅನ್ನಿಸಿದರೆ ಬೇರೆ ದಾರಿಗಳಿವೆ. 6 ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತದೆ ಅಂತ ನೋಡುವುದು ಒಂದು. ಮೆಟ್ಟಿಲು ಪರೀಕ್ಷೆ ಇನ್ನೊಂದು. ಒಂದು ಮಣೆಯನ್ನು 3 ನಿಮಿಷ ತಾಳಕ್ಕೆ ಸರಿಯಾಗಿ ಹತ್ತಿ ಇಳಿಸಿ, ಕೂರಿಸಿ, ನಾಡಿ ಎಣಿಸುತ್ತಾರೆ. ಏರಿದ ನಾಡಿಬಡಿತ ಬೇಗ ಇಳಿದರೆ ಒಳ್ಳೆಯದು. ದೊಡ್ಡವರಿಗೆ ಬಳಸುವ 30 ಸೆಂ.ಮೀ. ಮಣೆ ಚಿಕ್ಕ ಮಗುವಿನ ಮಂಡಿಗೆ ಎತ್ತರವಾಗುತ್ತದೆ, ಅದಕ್ಕೆ ತಗ್ಗಿನದು ಬೇಕು.

## ಯಾರ ಜೊತೆ ಹೋಲಿಕೆ?

ಹಾಳೆಯಲ್ಲಿ '30ನೇ ಪರ್ಸೆಂಟೈಲ್' ಅಂತ ಇದ್ದರೆ ಅದು ನೂರಕ್ಕೆ ಮೂವತ್ತು ಅಂಕ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಮೂವತ್ತು ಮಕ್ಕಳು ನಿಮ್ಮ ಮಗುವಿಗಿಂತ ಹಿಂದಿದ್ದಾರೆ ಅಂತ ಅರ್ಥ. ಈ ಹೋಲಿಕೆಯಲ್ಲಿ ಒಂದು ತೊಡಕಿದೆ. 19 ದೇಶಗಳ ಹತ್ತು ಲಕ್ಷಕ್ಕೆ ಹತ್ತಿರದಷ್ಟು ಮಕ್ಕಳ ಶಟಲ್ ರನ್ ಅಂಕ ನೋಡಿದಾಗ, 1981ರಿಂದ 2014ರ ನಡುವೆ ದಮ್ಮು ಸರಾಸರಿ ಶೇ. 7.3ರಷ್ಟು ಇಳಿದಿತ್ತು. ಕೆರೆಯ ನೀರೇ ಇಳಿಯುತ್ತಿರುವಾಗ ದೋಣಿ ಬೇರೆ ದೋಣಿಗಳ ಸಮಕ್ಕಿದೆ ಅಂತ ಸಮಾಧಾನ ಪಟ್ಟುಕೊಳ್ಳುವುದು ಹೇಗೆ?

ಇನ್ನೊಂದು ಬಗೆ ಆರೋಗ್ಯದ ಗೆರೆಗೆ ಹೋಲಿಸುವುದು. ಅಮೆರಿಕದ ಕೂಪರ್ ಸಂಸ್ಥೆ 1982ರಲ್ಲಿ ಶುರು ಮಾಡಿದ ಫಿಟ್‌ನೆಸ್‌ಗ್ರಾಂ ಎಂಬ ಶಾಲಾ ಮಕ್ಕಳ ಪರೀಕ್ಷಾ ಪದ್ಧತಿ ಈಗ ಬಳಸುವುದು ಇದನ್ನೇ. ಇಲ್ಲಿ ಎಲ್ಲ ಮಕ್ಕಳೂ ಪಾಸಾಗಬಹುದು. ಇಲ್ಲಿ ಯಾರನ್ನೋ ಸೋಲಿಸಬೇಕಾಗಿಲ್ಲ. ಕೂತೇ ಬೆಳೆದ ಮಗುವಿಗೆ ಇದೇ ಸರಿ ಅಂತ ನನಗೆ ಅನ್ನಿಸುತ್ತದೆ.

## ಓಡಿಸುವ ಮೊದಲು

ಆಸ್ತಮಾ, ಹೃದಯದ ತೊಂದರೆ, ಆಟದ ಮಧ್ಯೆ ತಲೆ ತಿರುಗಿ ಬಿದ್ದದ್ದು, ಎದೆನೋವು, ಮನೆಯಲ್ಲಿ ಚಿಕ್ಕ ವಯಸ್ಸಿನ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡದ್ದು. ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ಮಾತು ಕೇಳಬೇಕು. ಇದನ್ನು ಶಾಲೆಗೆ ತಿಳಿಸುವುದು ಮನೆಯವರ ಕೆಲಸ, ಕೇಳುವುದು ಶಾಲೆಯ ಕೆಲಸ. ಜ್ವರ ಇದ್ದ ದಿನ, ಬಿಸಿಲು ಸುಡುವ ಹೊತ್ತಿನಲ್ಲಿ, ಹೊಟ್ಟೆ ತುಂಬಾ ಉಂಡ ಮೇಲೆ ಓಡಿಸಬಾರದು.

## ಎರಡನೇ ಸಲ ಅಳೆದಾಗ

ವಾರಕ್ಕೆ ಮೂರು ದಿನ, ಮೂರು ತಿಂಗಳು ಚೆನ್ನಾಗಿ ಓಡಿ ಆಡಿದರೆ ಮಕ್ಕಳ ವಿಒ2 ಮ್ಯಾಕ್ಸ್ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಏರುತ್ತದೆ. 41.5 ಇದ್ದದ್ದು 43.5ರಿಂದ 45.5ರ ನಡುವೆ ಎಲ್ಲೋ ಬರುತ್ತದೆ. ಆ ವಯಸ್ಸಿಗೆ ಸೂತ್ರದಲ್ಲಿ ಒಂದು ಹಂತದ ಬೆಲೆ ಸುಮಾರು 2.4. ಅಂದರೆ ಮೂರು ತಿಂಗಳ ದುಡಿಮೆಗೆ ಸಿಗುವುದು ಒಂದು ಹಂತ, ಹೆಚ್ಚೆಂದರೆ ಒಂದೂವರೆ. '2 ಇದ್ದದ್ದು 3 ಆಯಿತು, ಅಷ್ಟೇನಾ?' ಅಂತ ಮುಖ ಸಿಂಡರಿಸುವ ಮೊದಲು ಈ ಲೆಕ್ಕ ನೆನಪಿರಲಿ. ಆ ಒಂದು ಹಂತಕ್ಕೆ ಮಗು ಮೂರು ತಿಂಗಳು ಬೆವರು ಸುರಿಸಿದೆ.

ವರ್ಷದ ಮೇಲೆ ಅಳೆದರೆ ಇನ್ನೊಂದು ವಿಚಿತ್ರ ಕಾಣಬಹುದು. 11ನೇ ವಯಸ್ಸಿನಲ್ಲಿ ಮಗು ಅದೇ ಹಂತ 2ಕ್ಕೆ ನಿಂತರೆ ಸೂತ್ರ 41.5ರ ಬದಲು 39.6 ಅನ್ನುತ್ತದೆ. ವಯಸ್ಸಿನ ಜೊತೆ ಮಕ್ಕಳು ಅಷ್ಟೇ ವೇಗಕ್ಕೆ ಕಡಿಮೆ ಆಮ್ಲಜನಕ ಖರ್ಚು ಮಾಡಿ ಓಡಲು ಕಲಿಯುತ್ತಾರೆ. ಸೂತ್ರ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹಾಳೆಯಲ್ಲಿ ಕೊನೆಯ ಅಂಕ ಮಾತ್ರ ಇದ್ದರೆ ಎಷ್ಟು ಸುತ್ತು ಓಡಿತ್ತು ಅಂತ ಶಾಲೆಯಲ್ಲಿ ಕೇಳಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಜೊತೆಗೆ ಯಾವ ನೆಲ, ಯಾವ ಶೂ, ಬೆಳಗ್ಗೆಯೋ ಸಂಜೆಯೋ, ನಿಂತಾಗ ಮಗು ಏನು ಹೇಳಿತು ಅನ್ನುವುದನ್ನೂ ಬರೆಯಿರಿ. ಮುಂದಿನ ಸಲ ಅದೇ ನೆಲ, ಅದೇ ಹೊತ್ತು ಇರುವಂತೆ ನೋಡಿಕೊಂಡರೆ ಎರಡು ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.